ಡಬಲ್ ಸವಾರಿ

ಮಹಾಗಾಂವ ಕ್ರಾಸಿನ ಚಹಾದಂಗಡಿ ಮುಂದೆ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ಇಬ್ಬರನ್ನೂ ಅಡಿಯಿಂದ ಮುಡಿವರೆಗೆ ನೋಡಿದರು. ತಲೆಗೆ ಹೆಲ್ಮೆಟ್ಟು, ಮೈಮೇಲೆ ರಸ್ತೆ ಕೆಲಸದವರು ಹಾಕುವಂಥ ಹೊಳೆಯುವ ಜಾಕೀಟು, ಬೆಳಕು ಹರಿದ ಮೇಲೂ ಸೈಕಲ್ಲಿನ ಹಿಂದೆ ಮಿಣಮಿಣ ಕೆಂಪು ದೀಪ.

"ಎಲ್ಲಿಗಿ ಹೊಂಟೀರಿ?"

"ಬೀದರ ಕಡಿ, ಕಾಕಾ."

"ಯಾಕ, ಬಸ್ ಸಿಗಲಿಲ್ಲೇನು?"

"ಬಸ್ ಅದಾವ್ರಿ. ಇದು ಸೈಕಲ್ ಮ್ಯಾಲೇ ಹೋಗಿ ಬರೋದದ. ಇನ್ನೂರು ಕಿಲೋಮೀಟರ್."

"ರೊಕ್ಕ ಎಷ್ಟ ಕೊಡ್ತಾರ?"

"ಅವ್ರು ಕೊಡಂಗಿಲ್ರಿ. ನಾವೇ ಕೊಟ್ಟೀವಿ."

ಕಾಕಾ ಗಂಡನ ಆಸೆ ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಯವ್ವಾ, ನೀನರ ಬುದ್ಧಿ ಹೇಳಬಾರದಾ ಇವರಿಗಿ?" ಆಕೆ ಬಶಿಯಲ್ಲಿದ್ದ ಚಹಾ ಮುಗಿಸಿ ಹೇಳಿದರು: "ಇಬ್ಬರ ಹೆಸರೂ ಕೊಟ್ಟಾಕಿ ನಾನೇ ರೀ ಕಾಕಾ."

ಅವರು ಹೊರಟಿದ್ದ ಸವಾರಿಗೆ ಬ್ರೆವೆ ಎಂದು ಹೆಸರು. ಸೈಕಲ್ ಬಳಗದವರ ಬಾಯಲ್ಲಿ ಬಿಆರ್‌ಎಂ. ಇದು ಪಂದ್ಯವಲ್ಲ. ಮೊದಲನೆಯವರಿಲ್ಲ, ಕೊನೆಯವರೂ ಇಲ್ಲ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40. ನಡುವೆ ಕಂಟ್ರೋಲ್ ಎಂಬ ಠಾಣ್ಯಗಳು. ಅಲ್ಲಿ ಕಾರ್ಡಿಗೆ ಠಸ್ಸೆ ಒತ್ತಿಸಿಕೊಂಡು ಮುಂದೆ ಸಾಗಬೇಕು. ಪ್ರತಿ ಠಾಣ್ಯಕ್ಕೂ ಮುಚ್ಚುವ ಹೊತ್ತು ಇರುವಂತೆ ತೆರೆಯುವ ಹೊತ್ತೂ ಉಂಟು. ತಡವಾದರೆ ತಪ್ಪು, ವಿಪರೀತ ಬೇಗ ಹೋದರೂ ಬಾಗಿಲಲ್ಲಿ ಕಾಯಬೇಕು. ಇಂಥ ಕ್ರೀಡೆ ಬೇರೆ ಯಾವುದಿದೆಯೋ. ದಾರಿಯಲ್ಲಿ ಹಿಂದೆ ಜೀಪು ಹಾಕಿಕೊಂಡು ನೀರು, ಬುತ್ತಿ ಹೊತ್ತು ಯಾರೂ ಬರುವಂತಿಲ್ಲ. ಚೈನು ಹರಿದರೂ ಟ್ಯೂಬು ಒಡೆದರೂ ತನ್ನ ಕೈ, ತನ್ನ ಚೀಲ. ಇಷ್ಟೆಲ್ಲ ಆದ ಮೇಲೆ ಪ್ಯಾರಿಸ್ಸಿನ ಒಂದು ಕ್ಲಬ್ಬು ನಿಮ್ಮ ಸವಾರಿಗೆ ನಂಬರು ಕೊಟ್ಟು ದಾಖಲೆ ಮಾಡಿಕೊಳ್ಳುತ್ತದೆ. ಮೆಡಲ್ಲು ಬೇಕೆಂದರೆ ಅದಕ್ಕೂ ಬೇರೆ ರೊಕ್ಕ. ಕಾಕಾನ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ.

ಈ ಹುಚ್ಚು ಶುರುವಾದದ್ದು ಇಟಲಿಯಲ್ಲಿ. 1897ರ ಜೂನ್ 12ರಂದು ಹನ್ನೆರಡು ಮಂದಿ ರೋಮ್ ಬಿಟ್ಟು ಹಗಲಿರುವಾಗಲೇ 230 ಕಿ.ಮೀ. ದೂರದ ನೇಪಲ್ಸ್ ಮುಟ್ಟಿದರು. ಅವರನ್ನು ‘ಆಡಾಕ್ಸ್’ ಎಂದು ಕರೆದರು. ಲ್ಯಾಟಿನ್ ಪದ, ಎದೆಗಾರರು ಎಂದರ್ಥ. ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್ 1904ರಲ್ಲಿ ಅದನ್ನು ಫ್ರಾನ್ಸಿಗೆ ತಂದ. ಅವನ ಕಟ್ಟಳೆ ಸರಳ: ಎಲ್ಲರೂ ಒಟ್ಟಿಗೆ ಹೊರಟು, ಮುಂದಿನ ಕ್ಯಾಪ್ಟನ್ ಹಿಡಿದ ವೇಗದಲ್ಲೇ ಸಾಗಿ, ಒಟ್ಟಿಗೇ ಮುಟ್ಟಬೇಕು. 1921ರಲ್ಲಿ ಜಗಳವಾಯಿತು. ಸವಾರಿಗೆ ನಂಬರು ಕೊಡುವ ಆ ಪ್ಯಾರಿಸ್ಸಿನ ಕ್ಲಬ್ಬಾದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್‌ನವರು ದೆಗ್ರಾಂಜ್‌ನ ಪದ್ಧತಿ ಬಿಟ್ಟು ತಮ್ಮದೇ ಬ್ರೆವೆ ಶುರುಮಾಡಿದರು: ಗಡುವಿನೊಳಗೆ ಯಾರು ಯಾವ ಗತಿಯಲ್ಲಾದರೂ ತುಳಿಯಬಹುದು. ಇಂದು ಭಾರತದಲ್ಲಿ ಸವಾರರು ಹೊರಡುವುದು ಈ ಎರಡನೆಯ ಪದ್ಧತಿಗೆ. ಹಳೆಯ ಗುಂಪು ಸವಾರಿ ಫ್ರಾನ್ಸಿನಲ್ಲಿ ಈಗಲೂ ಉಳಿದಿದೆ, ತಾಸಿಗೆ 22.5 ಕಿ.ಮೀ. ಲೆಕ್ಕದಲ್ಲಿ.

ನೂರು ವರ್ಷದ ಆ ಜಗಳದ ಎರಡೂ ಪಕ್ಷಗಳು ಕಲಬುರಗಿಯ ಒಂದೇ ಮನೆಯಲ್ಲಿವೆ. ಗಂಡ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡಿದವರು, ಇಳಿಜಾರು ಕಂಡರೆ ಮೈಮರೆಯುವ ಜಾತಿ. ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅವರದು ದೆಗ್ರಾಂಜ್ ಪಕ್ಷ. "ಜೋಡಿಲೆ ಹೊಂಟ ಮ್ಯಾಲ ಜೋಡಿಲೇ ಮುಟ್ಟಬೇಕು" ಎಂಬುದು ಅವರ ವಾದ. "ನಿನ್ನ ಗತಿ ನಿನಗ, ನನ್ನ ಗತಿ ನನಗ, ಕಂಟ್ರೋಲಿನಾಗ ಕಾಯ್ತೀನಲ್ಲ" ಎಂಬುದು ಗಂಡನದು.

ಈ ಪ್ರಶ್ನೆ 1992ರಲ್ಲಿ ಇರಲಿಲ್ಲ, ಏಕೆಂದರೆ ಆಗ ಮನೆಯಲ್ಲಿದ್ದದ್ದು ಒಂದೇ ಸೈಕಲ್ಲು. ಊರಿಗೂ ಇನ್ನೂ ಗುಲಬರ್ಗಾ ಎಂದೇ ಹೆಸರು. ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಮದುವೆಯಾದ ಹೊಸತು. 24 ಇಂಚಿನ ಕಪ್ಪು ಅಟ್ಲಾಸ್, ಹಿಂದೆ ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು, ಸೆರಗು ಕಡ್ಡಿಗೆ ಸಿಗದಂತೆ ಒಟ್ಟುಮಾಡಿ ಹಿಡಿದ ಹೊಸ ಹೆಂಡತಿ. ಎರಡನೇ ಆಟದ ಸಿನಿಮಾ ಮುಗಿಸಿ ಬರುವಾಗ ಶರಣಬಸವೇಶ್ವರ ಕೆರೆಯ ತಿರುವಿನಲ್ಲಿ ಒಬ್ಬ ಪೊಲೀಸಪ್ಪ ಅಡ್ಡ ಬಂದ. ದೀಪವಿಲ್ಲ, ಮೇಲೆ ಡಬಲ್ ಸವಾರಿ. ದಂಡ ಹಾಕುವ ಗೋಜಿಗೆ ಹೋಗದೆ ಬಗ್ಗಿ ಹಿಂದಿನ ಗಾಲಿಯ ಹವಾ ಬಿಟ್ಟು, ವಾಲನ್ನು ಕೈಯಲ್ಲಿಟ್ಟು "ನಡೀರಿ" ಅಂದ. ಆ ಕಾಲದ ಎಷ್ಟೋ ಊರುಗಳಲ್ಲಿ ನ್ಯಾಯತೀರ್ಮಾನ ಹೀಗೆ ನಿಂತ ನಿಲುವಿನಲ್ಲೇ ಮುಗಿಯುತ್ತಿತ್ತು. ಇಬ್ಬರೂ ಸೈಕಲ್ ತಳ್ಳಿಕೊಂಡು ಮನೆ ಸೇರಿದರು. ಮದುವೆಯಾದ ಮೇಲೆ ಮನೆಯವರ ಕಿವಿ ತಪ್ಪಿಸಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು ಎಂದು ಆಕೆ ಈಗಲೂ ಪೊಲೀಸಪ್ಪನ ಪರ ವಾದಿಸುತ್ತಾರೆ.

ಆಮೇಲೆ ಸ್ಕೂಟರು ಬಂತು, ಅಟ್ಲಾಸ್ ಗುಜರಿಗೆ ಹೋಯಿತು. ಆಕೆ ತಾವೇ ಸೈಕಲ್ ಕಲಿತದ್ದು ಐವತ್ತರ ಹತ್ತಿರ, 2018ರಲ್ಲಿ, ಶಾಲೆಯ ಮೈದಾನದಲ್ಲಿ. 2006-07ರಿಂದ ಸರಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ರಾಜ್ಯದ ಹಳ್ಳಿಗಾಡಿನ ರಸ್ತೆಗಳ ಚಹರೆಯನ್ನೇ ಬದಲಿಸಿತು. ಬೆಳಿಗ್ಗೆ ಎಂಟೂವರೆಗೆ ಎರಡು ಜಡೆ ಹಾಕಿದ ಹುಡುಗಿಯರ ಸಾಲು ಡಾಂಬರಿನ ಅಂಚಿನಲ್ಲಿ ಮಾತಾಡುತ್ತ ಹೋಗುವುದು ಯಾವ ಬ್ರೆವೆಗೂ ಕಡಿಮೆಯಲ್ಲ. ಅಂಥದೇ ಒಂದು ಸೈಕಲ್ಲು, ಅದರ ಒಡತಿ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತ, "ಟೀಚರ್, ಕೆಳಗ ನೋಡಬ್ಯಾಡ್ರಿ, ಮುಂದ ನೋಡ್ರಿ" ಎಂದು ಕೂಗುತ್ತಿದ್ದಳು. ಸಂಜೆ ಕಲಿಸಿದ ಗುರು ಬೆಳಿಗ್ಗೆ ಬೀಜಗಣಿತದಲ್ಲಿ ತಪ್ಪಿದರೆ ಬೈಯುವುದು ಹೇಗೆ ಎಂಬ ತೊಡಕು ಬೇರೆ. ಆಮೇಲೆ ಬೆಂಗಳೂರು ಸೇರಿದ ಮಗ ಬಿಟ್ಟುಹೋದ ಗೇರ್ ಸೈಕಲ್ಲು ಆಕೆಯ ಪಾಲಾಯಿತು. ಗಂಡ ಹಟಕ್ಕೆ ಬಿದ್ದು ತಮಗೊಂದು ಕೊಂಡರು.

ಗಂಡ-ಹೆಂಡತಿ ಎರಡು ಸೈಕಲ್ಲು ಹತ್ತಿ ದೂರ ಹೊರಡುವುದು ಈ ದೇಶಕ್ಕೇನೂ ಹೊಸ ನೋಟವಲ್ಲ. ಫ್ಯಾನಿ ಬುಲ್ಲಕ್ ವರ್ಕ್‌ಮನ್ ಮತ್ತು ಅವರ ವೈದ್ಯ ಗಂಡ ವಿಲಿಯಂ ಎಂಬ ಅಮೆರಿಕದ ಜೋಡಿ 1890ರ ದಶಕದ ಕೊನೆಗೆ ಇಲ್ಲಿಗೆ ಬಂದು, ಗುಡಿ-ಗೋಪುರ ನೋಡುತ್ತ, ಕನ್ಯಾಕುಮಾರಿ ಕಡೆಯಿಂದ ಹಿಮಾಲಯದವರೆಗೆ ತುಳಿದರು. 1904ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಲೆಕ್ಕವಿದೆ: 14,000 ಮೈಲಿ, ಅಂದರೆ ಸುಮಾರು 22,500 ಕಿ.ಮೀ. ಫ್ಯಾನಿ ಆಮೇಲೆ ಪರ್ವತಾರೋಹಿಯಾಗಿ ಸಿಯಾಚಿನ್ ಹಿಮನದಿಯ ಮೇಲೆ ‘ಹೆಂಗಸರಿಗೆ ಮತ’ ಎಂದು ಬರೆದ ಪತ್ರಿಕೆ ಹಿಡಿದು ಫೋಟೋ ತೆಗೆಸಿಕೊಂಡವರು. ಎಲ್ಲ ಬ್ರೆವೆಗಳ ಹಿರಿಯಜ್ಜನಾದ 1,200 ಕಿ.ಮೀ.ಗಳ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ 1891ರಲ್ಲೇ ಶುರುವಾದರೂ ಅದರಲ್ಲಿ ಹೆಂಗಸರು ಕಾಣಿಸಿದ್ದು 1931ಕ್ಕೆ. ಪೋಲೆತ್ ವಸಾರ್ ಒಬ್ಬರೇ ತುಳಿದು ಮುಗಿಸಿದರು. ಡಾನಿ ದಂಪತಿ ಒಂದೇ ಉದ್ದ ಸೈಕಲ್ಲಿನ ಮೇಲೆ ಹಿಂದೆ-ಮುಂದೆ ಕೂತು ಮುಗಿಸಿದರು. ಅದು ಪೊಲೀಸಪ್ಪನೂ ಒಪ್ಪುವಂಥ ಡಬಲ್ ಸವಾರಿ.

ಜನವರಿಯ ಆ ಭಾನುವಾರ ಬೆಳಿಗ್ಗೆ ಆರಕ್ಕೆ ಕೆರೆ ದಂಡೆಯಿಂದ ಹೊರಟಾಗ ಇನ್ನೂ ಕತ್ತಲು. ಗಂಜ್ ಮಾರುಕಟ್ಟೆ ಕಡೆಯಿಂದ ಹೊಸ ತೊಗರಿಯ ಧೂಳಿನ ವಾಸನೆ. ಹುಮ್ನಾಬಾದ್ ಬೇಸ್ ದಾಟಿದರೆ ಊರಿನ ಹಂಗು ಮುಗಿಯಿತು. ರಾಷ್ಟ್ರೀಯ ಹೆದ್ದಾರಿ 50, ಎಡಬಲಕ್ಕೆ ಕರಿ ಮಣ್ಣು. ಕಲಬುರಗಿಗಿಂತ ಬೀದರ್ ಸುಮಾರು 200 ಮೀಟರ್ ಎತ್ತರದಲ್ಲಿದೆ. ಬಸ್ಸಿನಲ್ಲಿ ಕೂತವರಿಗೆ ಇದು ಗೊತ್ತಾಗುವುದಿಲ್ಲ, ತೊಡೆಗಳಿಗೆ ಗೊತ್ತಾಗುತ್ತದೆ. ಕಮಲಾಪುರ ಕಳೆದ ಮೇಲೆ ನೆಲ ಏಳುತ್ತದೆ, ಕರಿ ಮಣ್ಣು ಕೆಂಪಾಗುತ್ತದೆ. ಎರಡು ದಶಕ ಕಾಯಿಸಿ 2017ರ ಅಕ್ಟೋಬರಿನಲ್ಲಿ ಶುರುವಾದ ಬೀದರ್-ಕಲಬುರಗಿ ರೈಲು ಇದೇ ಗುಡ್ಡಗಳನ್ನು ಮರಗುತ್ತಿ ಬಳಿ 1.67 ಕಿ.ಮೀ. ಸುರಂಗದಲ್ಲಿ ದಾಟುತ್ತದೆ. ಸೈಕಲ್ಲಿಗೆ ಸುರಂಗವಿಲ್ಲ. ಕಿಣ್ಣಿಸಡಕ್ ಎಂಬ ಊರಿನ ಹೆಸರಿನಲ್ಲಿ ರಸ್ತೆಯನ್ನು ಸಡಕ್ ಎನ್ನುತ್ತಿದ್ದ ನಿಜಾಮರ ಕಾಲದ ನುಡಿ ಇನ್ನೂ ಉಳಿದಿದೆ. ಮೂಡಣ ಗಾಳಿ ಎದೆಗೆ ಹೊಡೆಯುತ್ತಿತ್ತು. ಬೀದರಿಗೆ ಹತ್ತು ಕಿ.ಮೀ. ಈಚೆ ತಿರುಗುವ ಠಾಣ್ಯ; ಮಧ್ಯಾಹ್ನ 12-40ಕ್ಕೆ ಮುಚ್ಚುವುದಿತ್ತು, ಹನ್ನೆರಡರೊಳಗೇ ಮುಟ್ಟಿದರು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು. ಅಲ್ಲಿವರೆಗೆ ದೆಗ್ರಾಂಜ್ ಪಕ್ಷದ್ದೇ ಗೆಲುವು.

ವಾಪಸು ಬರುವಾಗ ಗಾಳಿ ಬೆನ್ನಿಗೆ, ದಾರಿ ಇಳಿಜಾರಿಗೆ. ಗಂಡನ ಪಕ್ಷ ತಲೆಯೆತ್ತಿತು. ಕಿಣ್ಣಿಸಡಕ್ ದಾಟಿದ ಮೇಲೆ ಹಿಂದೆ ನೋಡುವುದನ್ನೇ ಬಿಟ್ಟು, ನಾಲ್ಕು ಗಂಟೆ ಐದು ನಿಮಿಷಕ್ಕೆ ಕಮಲಾಪುರದಲ್ಲಿ ಕಾರ್ಡಿಗೆ ಠಸ್ಸೆ ಒತ್ತಿಸಿಕೊಂಡರು. 162ನೇ ಕಿ.ಮೀ.

ಕಮಲಾಪುರವೆಂದರೆ ಕೆಂಪು ಬಾಳೆ. ಭೌಗೋಳಿಕ ಗುರುತು ಪಡೆದ ಹಣ್ಣು. ತೊಗಲು ಇಟ್ಟಿಗೆಯ ಬಣ್ಣ, ಒಳಗೆ ಕೆನೆ ಬಣ್ಣದ ತಿರುಳು, ಗೊನೆ ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಕಾಯಬೇಕು. ಬೇರೆ ಬಾಳೆಗಿಂತ ತುಟ್ಟಿ, ಅದಕ್ಕೇ ಬೀಗರ ಮನೆಗೆ ಒಯ್ಯುವ ಹಣ್ಣು. ರಸ್ತೆ ಬದಿಯ ಅಂಗಡಿಯಲ್ಲಿ ಒಂದು ಸುಲಿದು ಬಾಯಿಗಿಡುವಷ್ಟರಲ್ಲಿ ಮಾರುವ ಅವ್ವ ಕೇಳಿದಳು:

"ಮುಂಜಾನಿ ನಿಮ್ಮ ಸಂಗಡ ಇದ್ದ ಅಕ್ಕಾರು?"

"ಹಿಂದ ಬರ್ಲತ್ತಾರ."

"ಎಷ್ಟ ಹಿಂದ?"

ಇದಕ್ಕೆ ಉತ್ತರವಿರಲಿಲ್ಲ. ಫೋನ್ ಹಚ್ಚಿದರು, ಒಂದೇ ಸಮ ಹೊಡಕೊಂಡು ನಿಂತಿತು. ಠಾಣ್ಯ ಮುಚ್ಚುವುದು 4-48ಕ್ಕೆ. ತಾಸಿಗೆ 15ರಂತೆ 162ಕ್ಕೆ 10 ತಾಸು 48 ನಿಮಿಷ ಎಂದು ಹಿಂದಿನ ರಾತ್ರಿ ಹಾಲಿನ ಚೀಟಿಯ ಬೆನ್ನ ಮೇಲೆ ಲೆಕ್ಕ ಮಾಡಿಕೊಟ್ಟವರು ಆಕೆಯೇ. ಎರಡನೆಯ ಹಣ್ಣು ಗಂಟಲಲ್ಲಿ ಇಳಿಯಲಿಲ್ಲ. ನಾಲ್ಕೂಕಾಲಿಗೆ ಅವರು ಸೈಕಲ್ಲನ್ನು ಬೀದರ್ ಕಡೆಗೆ ತಿರುಗಿಸಿದರು. ಇಳಿದು ಬಂದ ದಾರಿಯನ್ನು ಏರುವಾಗ ಅದು ಬೇರೆಯೇ ದಾರಿ.

ಸರಿಯಾಗಿ ನಾಲ್ಕು ಕಿ.ಮೀ. ಆಚೆ ಆಕೆ ಎದುರಿಗೆ ತುಳಿಯುತ್ತ ಬಂದರು. ಮೊಣಕೈವರೆಗೆ ಚೈನಿನ ಮಸಿ, ಹಣೆಯ ಮೇಲೂ ಒಂದು ಬೆರಳಿನ ಗೆರೆ. ಬಳ್ಳಾರಿ ಜಾಲಿಯ ಮುಳ್ಳು ಹಿಂದಿನ ಟೈರಿಗೆ ಇಳಿದಿತ್ತು. ಟೈರು ಕಳಚಿ, ಟ್ಯೂಬಿನ ತೂತನ್ನು ಕೆನ್ನೆಗೆ ಹಿಡಿದು ಹುಡುಕಿ, ಉಜ್ಜಿ, ಸೊಲ್ಯೂಷನ್ ಒಣಗುವವರೆಗೆ ನೂರು ಎಣಿಸಿ ತೇಪೆ ಹಚ್ಚಿ, ಕೈಪಂಪಿನಲ್ಲಿ ಹವಾ ಹೊಡೆದಿದ್ದರು. ಎಣಿಕೆ ತಪ್ಪಬಾರದೆಂದು ಫೋನ್ ಎತ್ತಲಿಲ್ಲವಂತೆ. ಕಳಚಬಹುದಾದ ಟೈರು ಇಲ್ಲದಿದ್ದರೆ ಈ ಆಟವೇ ಇರುತ್ತಿರಲಿಲ್ಲ. 1891ರ ಪ್ಯಾರಿಸ್-ಬ್ರೆಸ್ಟನ್ನು ಶಾರ್ಲ್ ತೆರೋಂ ಮಿಶ್ಲಾಂ ಕಂಪನಿಯ ಅಂಥ ಟೈರಿನ ಮೇಲೆ 71 ತಾಸು 22 ನಿಮಿಷಕ್ಕೆ ಗೆದ್ದ. ಮರುವರ್ಷ ಅದೇ ಕಂಪನಿ ತಾನು ಏರ್ಪಡಿಸಿದ ಪಂದ್ಯದ ದಾರಿಗೆ ಬೇಕೆಂದೇ ಮೊಳೆ ಚೆಲ್ಲಿತ್ತು, ಪಂಚರ್ ಹಾಕುವುದು ಎಷ್ಟು ಸಲೀಸು ಎಂದು ತೋರಿಸಲು! ನಮ್ಮ ಕಡೆ ಆ ಖರ್ಚು ಜಾಲಿ ಗಿಡ ಉಳಿಸಿದೆ.

"ನೀವ್ಯಾಕ ತಿರುಗಿ ಬಂದ್ರಿ?" ಎಂದರು ಆಕೆ, ಬ್ರೇಕ್ ಕೂಡ ಹಿಡಿಯದೆ. "ಟೈಮ್ ಆಗ್ತದ, ನಡೀರಿ."

4-41ಕ್ಕೆ ಆಕೆಯ ಕಾರ್ಡಿಗೂ ಠಸ್ಸೆ ಬಿತ್ತು. ಬಾಳೆಹಣ್ಣಿನ ಅವ್ವ ಇಬ್ಬರ ಕೈಗೂ ಒಂದೊಂದು ಹಣ್ಣಿಟ್ಟಳು. ಗಂಡನ ಹಣ್ಣಿಗೆ ರೊಕ್ಕ ತಗೊಂಡಳು, ಆಕೆಯದಕ್ಕೆ ತಗೊಳ್ಳಲಿಲ್ಲ.

ಉಳಿದ 38 ಕಿ.ಮೀ.ಗೆ ಹೊತ್ತು ಬೇಕಾದಷ್ಟಿತ್ತು, ಗಂಡನಲ್ಲಿ ಉಸಿರು ಮಾತ್ರ ಇರಲಿಲ್ಲ. ಹೆಚ್ಚುವರಿ ಏರು ಸೇಡು ತೀರಿಸಿಕೊಳ್ಳುತ್ತಿತ್ತು. ಆಕೆ ಮುಂದೆ, ಅವರು ಹಿಂದೆ. ಆಕೆಯ ಹಿಂದಿನ ಗಾಲಿಗೂ ಗಂಡನ ಮುಂದಿನ ಗಾಲಿಗೂ ಒಂದೂವರೆ ಗೇಣಿನ ಅಂತರ. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ತುಳಿತ ಹಗುರ. ಕ್ಯಾರಿಯರ್ ಇಲ್ಲದ ಸೈಕಲ್ಲಿನ ಕ್ಯಾರಿಯರ್ ಅದು. ಮಹಾಗಾಂವ ಕ್ರಾಸಿನಲ್ಲಿ ಹೊತ್ತು ಕೆಳಗಿಳಿದಿತ್ತು. ಬೆಳಗಿನ ಕಾಕಾಗೆ ಮುಖ ತೋರಿಸಿ ಹೋಗಬೇಕೆಂದು ನೋಡಿದರೆ ಅಂಗಡಿ ಮುಂದೆ ಬರೀ ಬೆಂಚಿತ್ತು.

ಕೆರೆ ದಂಡೆ ಮುಟ್ಟಿದ್ದು 7-12ಕ್ಕೆ. 13 ತಾಸು 12 ನಿಮಿಷ, ಇಬ್ಬರದೂ. ಗಂಡನ ಮೀಟರು 208 ತೋರಿಸುತ್ತಿತ್ತು. ಆ ಎಂಟು ಕಾರ್ಡಿನಲ್ಲಿ ಬರೆಯಲು ಬರುವುದಿಲ್ಲ ಎಂದ ಮೇಜಿನ ಹುಡುಗ. ಆಕೆ ಕಾರ್ಡು ಒಪ್ಪಿಸುವ ಮುಂಚೆ ಅದರ ಮಡಿಕೆಯಲ್ಲಿ ಇಟ್ಟಿದ್ದ ಜಾಲಿ ಮುಳ್ಳು ತೆಗೆದು ಚೂಡಿದಾರದ ಕಿಸೆಗೆ ಹಾಕಿಕೊಂಡರು.

ಮನೆಗೆ ಇನ್ನೂ ಸ್ವಲ್ಪ ದೂರವಿತ್ತು, ಸೀಟಿನ ಮೇಲೆ ಮತ್ತೆ ಕೂರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಸೈಕಲ್ಲು ತಳ್ಳಿಕೊಂಡು ಕೆರೆಯ ತಿರುವಿಗೆ ಬಂದಾಗ ಬೈಕಿನ ಹುಡುಗನೊಬ್ಬ ನಿಧಾನ ಮಾಡಿದ.

"ಏನ್ ಸರ್, ಪಂಚರಾ? ಹವಾ ಹೋಯ್ತೇನ್ರಿ?"

"ಇಲ್ಲಪಾ," ಎಂದರು ಆಕೆ, "ಸೈಕಲ್ಲಿಂದು ಅದ. ಇವರದೇ ಹೋಗ್ಯದ."