ಲೋಕರೂಢಿಯೂ ಜಾತಿಮದವೂ

ಮನೆತನದಿಂದ ಬರುವ ಸ್ವತ್ತುಗಳಿಗೆಲ್ಲ ಒಂದಲ್ಲ ಒಂದು ದಾಖಲೆ ಇರುತ್ತದೆ. ಜಮೀನಿಗೆ ಪತ್ರ, ಒಡವೆಗೆ ತೂಕ, ಬಸದಿಯ ಭಂಡಾರದ ತಾಳೆಯೋಲೆಗಳಿಗೆ ಪಟ್ಟಿ. ಪೂರ್ವಗ್ರಹವೆಂಬ ಸ್ವತ್ತಿಗೆ ಮಾತ್ರ ಯಾವ ದಾಖಲೆಯೂ ಇಲ್ಲ. ಇಂಥವರನ್ನು ಕೀಳಾಗಿ ಕಾಣಬೇಕೆಂದು ಯಾವ ತಾಯಿಯೂ ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದಿಲ್ಲ. ಮಗು ನೋಡಿ ಕಲಿಯುತ್ತದೆ. ತೋಟದ ಆಳಿನ ಬೊಗಸೆಗೆ ನೀರನ್ನು ಎಷ್ಟು ಎತ್ತರದಿಂದ ಸುರಿಯಬೇಕು, ಅವನ ಲೋಟ ಸೂರಿನ ಯಾವ ಸಂದಿಯಲ್ಲಿರಬೇಕು, ಕೂಲಿಯ ಹಣ ಅವನ ಅಂಗೈಗೆ ಸೋಂಕದಂತೆ ಹೇಗೆ ಬೀಳಬೇಕು ಎಂಬುದೆಲ್ಲ ಅಕ್ಷರಾಭ್ಯಾಸಕ್ಕೆ ಮುಂಚೆಯೇ ಅದಕ್ಕೆ ಕರಗತವಾಗಿರುತ್ತದೆ. ಅದೇ ಮಗು ಬೆಳೆದು, ಓದಿ, ನಗರ ಸೇರಿ, ತನಗೆ ಜಾತಿಯಲ್ಲಿ ನಂಬಿಕೆಯಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಮನೆಗೆಲಸದವಳ ಲೋಟ ಅಡುಗೆಮನೆಯ ಕಿಟಕಿಯ ಮೇಲೆ ಬೇರೆಯಾಗಿಯೇ ಇರುತ್ತದೆ. ಬುದ್ಧಿ ಮರೆತದ್ದನ್ನು ಕೈ ಮರೆತಿರುವುದಿಲ್ಲ.

ಜೈನ ಗೃಹಸ್ಥನ ಮನೆಯಲ್ಲಿ ಈ ಪೂರ್ವಗ್ರಹಕ್ಕೆ ಇನ್ನೊಂದು ಆಸರೆ ದೊರಕಿತು. ಅದು ಶುದ್ಧಿಯ ಆಸರೆ. ನೀರನ್ನು ಸೋಸಿ ಕುಡಿಯುವ ಆಚಾರ ಎಷ್ಟು ಸೂಕ್ಷ್ಮವಾದುದೆಂಬುದನ್ನು ಇಲ್ಲಿ ನೆನೆಯಬೇಕು. ಎರಡು ಮಡಿಕೆಯ ದಟ್ಟ ಬಟ್ಟೆಯಲ್ಲಿ ನೀರು ಸೋಸಿದ ಮೇಲೆ ಕೆಲಸ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಿಗಳನ್ನು ಮೆಲ್ಲನೆ ನೀರು ಹಾಯಿಸಿ, ಅವು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮರಳಿಸಬೇಕು. ಬೇರೆ ಬಾವಿಯ ನೀರು ಅವುಗಳಿಗೆ ಹಿಂಸೆಯಾದೀತೆಂಬ ಎಚ್ಚರ! ಇಷ್ಟು ಕೋಮಲವಾದ ಕರುಣೆ ಲೋಕದಲ್ಲಿ ಅಪರೂಪ. ಆದರೆ ಅದೇ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ, ಯಾರಾದರೂ ಬಂದು ತನ್ನ ಕೊಡಕ್ಕೆ ನೀರು ಹೊಯ್ದಾರೆಂದು ಕಾದು ನಿಂತ ಹೆಂಗಸು ಆ ಕರುಣೆಯ ಲೆಕ್ಕಕ್ಕೆ ಬರಲಿಲ್ಲ. ನೀರಿನಲ್ಲಿರುವ ಜೀವದ ಮೇಲಿನ ಕಾಳಜಿ ಯಾವಾಗಲೋ ನೀರು ಸೇದುವ ಕೈಯ ಮೇಲಿನ ಸಂಶಯವಾಗಿ ಮಾರ್ಪಟ್ಟಿತ್ತು. (ರೈಲು ನಿಲ್ದಾಣದ ಚಹಾದ ನೀರನ್ನು ಸೇದಿದವರು ಯಾರು, ಸೋಸಿದವರು ಯಾರು ಎಂದು ಇದೇ ಮನೆಯವರು ಎಂದೂ ಕೇಳಿದ್ದಿಲ್ಲವೆಂಬುದು ಬೇರೆ ಮಾತು.)

ಇದು ಹೇಗೆ ನಡೆಯಿತು? ಹೊರಗಿನ ಸಮಾಜದಿಂದ ಅಂಟಿಕೊಂಡಿತೆಂಬ ಉತ್ತರ ಸುಲಭವಾದುದು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಅಂಟಿಕೊಳ್ಳಲು ಬಿಟ್ಟ ಬಗೆಯನ್ನು ಪರಿಶೀಲಿಸಬೇಕು. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ರಚಿಸಿದ ಸೋಮದೇವಸೂರಿಗಳು ಲೋಕಾಚಾರದ ವಿಷಯದಲ್ಲಿ ಒಂದು ಸೂತ್ರವನ್ನು ಕೊಟ್ಟಿದ್ದಾರೆ. ಸಮ್ಯಕ್ತ್ವಕ್ಕೆ ಹಾನಿಯಾಗದಿದ್ದರೆ, ವ್ರತಕ್ಕೆ ದೋಷ ತಗಲದಿದ್ದರೆ, ಲೌಕಿಕ ವಿಧಿಗಳನ್ನು ಜೈನರು ಒಪ್ಪಬಹುದೆಂಬುದು ಅದರ ತಾತ್ಪರ್ಯ. ಅಲ್ಪಸಂಖ್ಯಾತ ಸಮುದಾಯವೊಂದು ಎಲ್ಲರೊಡನೆ ಬಾಳಬೇಕಾದ ಕಾಲದಲ್ಲಿ ಇದು ವಿವೇಕದ ಮಾತೇ ಸರಿ. ಮದುವೆಯ ಪದ್ಧತಿ, ಹಬ್ಬದ ಪದ್ಧತಿ, ಉಡುಗೆ ತೊಡುಗೆ ಹೀಗೆ ಎಷ್ಟೋ ಸಂಗತಿಗಳು ಆ ಬಾಗಿಲಿನಿಂದ ಒಳಗೆ ಬಂದವು. ಅಸ್ಪೃಶ್ಯತೆಯೂ ಅವುಗಳೊಡನೆ ನುಸುಳಿತು. ಮುಂದಿನ ತಲೆಮಾರುಗಳಿಗೆ ಅನುಮತಿ ಉಳಿಯಿತು, ಅದರ ಜೊತೆಗಿದ್ದ ನಿಬಂಧನೆ ಮರೆತುಹೋಯಿತು.

ಆ ನಿಬಂಧನೆಯನ್ನು ಇಂದು ಮತ್ತೆ ಹಚ್ಚಿ ನೋಡಿದರೆ ಫಲ ಏನಾಗುತ್ತದೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳನ್ನು ಎಣಿಸುತ್ತದೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಇವುಗಳ ಮದ. ಕುಲವೂ ಜಾತಿಯೂ ಆ ಪಟ್ಟಿಯ ನಡುವೆಯೇ ಇವೆ. ಹಾಗಾದರೆ ಜಾತಿಯ ಹೆಮ್ಮೆಯಿಂದ ಹುಟ್ಟಿದ ರೂಢಿ ಸಮ್ಯಕ್ತ್ವಕ್ಕೆ ಹಾನಿ ಮಾಡದ ಲೌಕಿಕ ವಿಧಿಯೆಂದು ಹೇಗೆ ಪರಿಗಣಿತವಾಗಬೇಕು? ಅದೇ ಗ್ರಂಥ ಸಮ್ಯಗ್ದರ್ಶನವುಳ್ಳ ಮಾತಂಗನನ್ನು ದೇವನೆಂದು ಗೌರವಿಸುತ್ತದೆ. ಐದು ಅಣುವ್ರತಗಳಿಗೆ ಉದಾಹರಣೆ ಕೊಡಬೇಕಾಗಿ ಬಂದಾಗ ಮೊದಲನೆಯದಾದ ಅಹಿಂಸೆಗೆ ಅದು ಆರಿಸಿಕೊಂಡದ್ದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಒಬ್ಬ ಮಾತಂಗನನ್ನು. ಕಥೆಗಳಲ್ಲಿ ಅವನ ಹೆಸರು ಯಮಪಾಲ; ಅವನ ವೃತ್ತಿ ಅಪರಾಧಿಗಳ ಶಿರಶ್ಛೇದ. ಚತುರ್ದಶಿಯಂದು ಕೊಲ್ಲುವುದಿಲ್ಲವೆಂದು ಮುನಿಯೊಬ್ಬರಿಂದ ವ್ರತ ಪಡೆದಿದ್ದ ಅವನು, ಅದೇ ದಿನ ರಾಜಾಜ್ಞೆ ಬಂದಾಗ ಕತ್ತಿ ಎತ್ತಲಿಲ್ಲ. ಮೊಸಳೆಗಳ ಮಡುವಿಗೆ ಎಸೆಯುವ ಶಿಕ್ಷೆಯಾದರೂ ಅಲುಗಲಿಲ್ಲ. ದೇವತೆಗಳು ಅವನನ್ನು ಕಾಪಾಡಿ ಗೌರವಿಸಿದರೆಂದು ಕಥೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದ ಹನ್ನೆರಡನೆಯ ಅಧ್ಯಯನದಲ್ಲಿ ಚಂಡಾಲಕುಲದಲ್ಲಿ ಹುಟ್ಟಿದ ಹರಿಕೇಶಬಲ ಮುನಿಗಳು ಭಿಕ್ಷೆಗೆ ಹೋದ ಯಜ್ಞಶಾಲೆಯಲ್ಲಿ ಬೈಗುಳವನ್ನೂ ಏಟನ್ನೂ ತಿನ್ನುತ್ತಾರೆ. ಕೊನೆಗೆ ನಿಜವಾದ ಯಜ್ಞ ಯಾವುದೆಂಬುದನ್ನು ಹೊಡೆಸಿದವರಿಗೆ ಅವರೇ ತಿಳಿಸುತ್ತಾರೆ.

ಶಾಸ್ತ್ರಗಳಲ್ಲಿ ಎಲ್ಲವೂ ಏಕಮುಖವಾಗಿದೆಯೆಂದು ಹೇಳಿದರೆ ಅದು ಸತ್ಯವ್ರತಕ್ಕೆ ಸಲ್ಲದು. ಜಿನಸೇನಾಚಾರ್ಯರ ಆದಿಪುರಾಣ ಮನುಷ್ಯಜಾತಿಯನ್ನು ಒಂದೇ ಎನ್ನುತ್ತದೆ. ವೃತ್ತಿಭೇದದಿಂದ ಬಂದ ವರ್ಣಗಳ ವ್ಯವಸ್ಥೆಯನ್ನೂ ವಿವರಿಸುತ್ತದೆ. ಎರಡನ್ನೂ ಓದಿದ ಶ್ರಾವಕರು ತಮಗೆ ಅನುಕೂಲವಾದುದನ್ನು ನೆನಪಿಟ್ಟುಕೊಂಡರು.

ಸ್ವಾತಂತ್ರ್ಯ ಬಂದ ವರ್ಷವೇ ಈ ಪ್ರಶ್ನೆ ಬಸದಿಯ ಬಾಗಿಲಿಗೆ ಬಂದಿತು. 1947ರಲ್ಲಿ ಮುಂಬಯಿ ಪ್ರಾಂತ್ಯ ಹರಿಜನರ ದೇವಾಲಯ ಪ್ರವೇಶದ ಕಾಯಿದೆಯನ್ನು ಮಾಡಿತು. ಜೈನಧರ್ಮ ಸ್ವತಂತ್ರ ಧರ್ಮ, ಹಿಂದೂ ದೇವಾಲಯಗಳ ಕಾಯಿದೆ ಜಿನಮಂದಿರಗಳಿಗೆ ಅನ್ವಯಿಸದು ಎಂಬ ನಿಲುವಿನಿಂದ, ಬೆಳಗಾವಿ ಸೀಮೆಯ ಭೋಜ ಗ್ರಾಮದವರಾದ ಆಚಾರ್ಯ ಶಾಂತಿಸಾಗರ ಮಹಾರಾಜರು ಅನ್ನತ್ಯಾಗ ಮಾಡಿದರು. ಸೊಲ್ಲಾಪುರ ಜಿಲ್ಲೆಯ ಅಕಲೂಜದ ಮಂದಿರದ ಪ್ರಕರಣದಲ್ಲಿ 1951ರ ಜುಲೈಯಲ್ಲಿ ಮುಂಬಯಿ ಹೈಕೋರ್ಟು ಜೈನರ ವಾದವನ್ನು ಎತ್ತಿಹಿಡಿದ ಬಳಿಕವೇ ಅವರು ಅನ್ನ ಸ್ವೀಕರಿಸಿದರು. ಅವರ ತಪಸ್ಸಿನ ವಿಷಯದಲ್ಲಿ ಎರಡು ಮಾತಿಲ್ಲ. ಧರ್ಮದ ಸ್ವತಂತ್ರ ಅಸ್ತಿತ್ವದ ವಾದಕ್ಕೂ ತನ್ನದೇ ಆದ ಬಲವಿತ್ತು. ಆದರೆ ಬಾಗಿಲ ಹೊರಗೆ ನಿಂತವನಿಗೆ ಕಾಯಿದೆಯ ಸೂಕ್ಷ್ಮ ಕಾಣುವುದಿಲ್ಲ, ಮುಚ್ಚಿದ ಬಾಗಿಲಷ್ಟೇ ಕಾಣುತ್ತದೆ. ಜೈನರು ಬೇರೆಯವರೆಂಬುದನ್ನು ಸಾಧಿಸಲು, ಅವರು ಯಾವ ರೂಢಿಯಲ್ಲಿ ಬೇರೆಯಾಗಿರಬೇಕಿತ್ತೋ ಅದೇ ರೂಢಿಯ ರಕ್ಷಣೆ ಸಂದರ್ಭವಾಯಿತೆಂಬುದು ವಿಷಾದದ ಸಂಗತಿ.

ಅದೇ ಕಾಲದಲ್ಲಿ ಉತ್ತರದಲ್ಲಿ ಪೂಜ್ಯ ಗಣೇಶಪ್ರಸಾದ ವರ್ಣೀಜಿಯವರು ಹರಿಜನರ ಮಂದಿರ ಪ್ರವೇಶದ ಪರವಾಗಿ ಮಾತನಾಡಿ ಸಮಾಜದ ಕೋಪಕ್ಕೆ ಗುರಿಯಾದರು. ಅವರ ಜೀವನ ಇಲ್ಲಿ ಗಮನಾರ್ಹ. 1874ರಲ್ಲಿ ಬುಂದೇಲಖಂಡದ ವೈಷ್ಣವ ಮನೆತನದಲ್ಲಿ ಹುಟ್ಟಿದ ಅವರು ತಮ್ಮ ಅರಿವಿನಿಂದ ಜೈನರಾದವರು. ಚಿರೋಂಜಾಬಾಯಿಯೆಂಬ ಶ್ರಾವಿಕೆ ಅವರನ್ನು ಮಗನಂತೆ ಸಾಕಿದರು. ನ್ಯಾಯಶಾಸ್ತ್ರ ಕಲಿಯಲು ಕಾಶಿಗೆ ಹೋದಾಗ, ಜೈನನೆಂಬ ಕಾರಣಕ್ಕೇ ಪಂಡಿತರೊಬ್ಬರು ಪಾಠ ಹೇಳದೆ ತಿರಸ್ಕರಿಸಿದರು. ಆ ನೋವಿನ ಫಲವಾಗಿಯೇ 1905ರಲ್ಲಿ ಅಲ್ಲಿ ಸ್ಯಾದ್ವಾದ ಮಹಾವಿದ್ಯಾಲಯ ತಲೆಯೆತ್ತಿತು. ತಿರಸ್ಕಾರ ಅನುಭವಿಸಿದವರೆಲ್ಲರೂ ಪರರ ತಿರಸ್ಕಾರವನ್ನು ಗುರುತಿಸುತ್ತಾರೆಂದಿಲ್ಲ. ಬಹುಮಂದಿ ತಮಗಿಂತ ಕೆಳಗಿನವರನ್ನು ಹುಡುಕಿ ಅದನ್ನು ದಾಟಿಸಿಬಿಡುತ್ತಾರೆ. ವರ್ಣೀಜಿಯವರು ದಾಟಿಸಲಿಲ್ಲ.

ಕಾನೂನಿನ ಮಾತು ಬಹುಮಟ್ಟಿಗೆ ಮುಗಿದಿದೆ. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಪೂಜಾಸ್ಥಳಗಳ ಕಲಮಿನ ವಿವರಣೆಯಲ್ಲಿ ಜೈನರನ್ನೂ ಹೆಸರಿಸಿತು. ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಪಂಕ್ತಿ ತೆರೆಯುವುದಿಲ್ಲ. 1964ರಲ್ಲಿ ಮಾಳ್ವ ಪ್ರಾಂತ್ಯದಲ್ಲಿ ಸ್ಥಾನಕವಾಸಿ ಆಚಾರ್ಯ ನಾನಾಲಾಲರ ಉಪದೇಶದಿಂದ ಬಲಾಯಿ ಸಮುದಾಯದ ಅನೇಕ ಕುಟುಂಬಗಳು ಮದ್ಯಮಾಂಸಗಳನ್ನು ತೊರೆದು ಧರ್ಮಪಾಲರೆಂಬ ಹೆಸರಿನಿಂದ ಜೈನಾಚಾರ ಹಿಡಿದವು. ವ್ರತ ಹಿಡಿಯುವ ಕಷ್ಟವನ್ನು ಅವರು ಪಟ್ಟರು. ಹುಟ್ಟಿನಿಂದ ಜೈನರಾದವರು ಅವರ ಮನೆಯ ನೀರು ಕುಡಿಯಲು ಪಡಬೇಕಾದ ಕಷ್ಟ ಅದಕ್ಕಿಂತ ದೊಡ್ಡದೇನಲ್ಲ.

ಕೈಯಿಂದ ಕಲಿತದ್ದನ್ನು ಉಪನ್ಯಾಸದಿಂದ ಮರೆಸಲಾಗದು, ಕೈಯಿಂದಲೇ ಮರೆಸಬೇಕು. ಅಣುವ್ರತಗಳ ಸ್ವರೂಪವೂ ಇದೇ: ನಿತ್ಯದ ಸಣ್ಣ ಕ್ರಿಯೆ, ಸಂಜೆ ಪ್ರತಿಕ್ರಮಣದಲ್ಲಿ ಅದರ ವಿಚಾರಣೆ. ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವ. ಅಂದಿನ ಪ್ರವಚನಗಳಲ್ಲಿ ಐಶ್ವರ್ಯದ ಮದ, ರೂಪದ ಮದಗಳಿಗೆ ದೃಷ್ಟಾಂತಗಳು ಧಾರಾಳವಾಗಿ ಸಿಗುತ್ತವೆ. ಕುಲಜಾತಿಗಳ ಮದವನ್ನು ಹೆಸರು ಹೇಳಿ ದಾಟಿಬಿಡುವುದೇ ಹೆಚ್ಚು. ಅಂದು ಯಮಪಾಲನ ಕಥೆಯನ್ನು ಪೂರ್ತಿಯಾಗಿ ಹೇಳಿಸುವುದು ಯಾವ ಬಸದಿಯ ಆಡಳಿತಕ್ಕೂ ಭಾರವಲ್ಲ.

ಪಂಚಕಲ್ಯಾಣದ ಊಟದ ಏರ್ಪಾಟನ್ನೂ ನೋಡಬಹುದು. ಚಪ್ಪರ ಕಟ್ಟಿದವರು, ಡೋಲು ಬಾರಿಸಿದವರು, ಎಲೆ ಎತ್ತಿ ಗುಡಿಸಿದವರು ಎಲ್ಲರ ಊಟವಾದ ಮೇಲೆ ಚಪ್ಪರದ ಹಿಂಬದಿಯಲ್ಲಿ ಉಣ್ಣುವುದು, ಇಲ್ಲವೆ ಪೊಟ್ಟಣ ಕಟ್ಟಿಸಿಕೊಂಡು ಹೋಗುವುದು ಅನೇಕ ಕಡೆ ಯಾರೂ ಗೊತ್ತುಪಡಿಸದೆಯೇ ನಡೆದುಬಂದ ಪದ್ಧತಿ. ಅವರಿಗೂ ಅದೇ ಪಂಕ್ತಿಯೆಂದು ಟ್ರಸ್ಟಿನ ನಡವಳಿ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಕು. ಮೊದಲ ವರ್ಷ ಕೆಲವು ಹಿರಿಯರು ಊಟಕ್ಕೆ ಏಳಲಿಕ್ಕಿಲ್ಲ; ಅವರನ್ನು ಹಂಗಿಸಬಾರದು, ಅವರೂ ಇದನ್ನು ನೋಡಿಯೇ ಕಲಿತವರು. ಕುಳಿತುಕೊಳ್ಳಲು ಅವರಿಗಿಂತ ಹೆಚ್ಚು ಹಿಂಜರಿಯುವವನು ಬಹುಶಃ ಆ ಡೋಲಿನವನೇ. ದೂರ ನಿಲ್ಲುವುದನ್ನು ಅವನಿಗೂ ಅವನ ಅಜ್ಜನೇ ಕಲಿಸಿದ್ದಾನೆ. ಕರೆದರೆ ಸಾಲದು. ಮೊಕ್ತೇಸರರು ತಾವು ಮೊದಲು ಕುಳಿತು, ಪಕ್ಕದಲ್ಲಿ ಅವನ ಎಲೆಯನ್ನು ಹಾಕಿಸಿ, ಅದಕ್ಕೆ ಬಡಿಸಿದ ಮೇಲೆ ಅವನು ಬರುವವರೆಗೆ ಕಾಯಬೇಕಾದೀತು.