ಫುಲ್ ಲೋಡ್

ಶನಿವಾರ, ಅಮೀನಗಡದ ಕುರಿ ಸಂತೆ. "ಇವತ್ತ ಎಷ್ಟ ಕುರಿ ಬಂದಾವೋ ತಮ್ಮಾ?" ಅಂದೆ. "ಫುಲ್ ಲೋಡ್ ರೀ ಕಾಕಾ." ಲಾರಿಯ ಮಾತಿರಬೇಕೆಂದು ಸುತ್ತ ನೋಡಿದೆ. ಅವನು ಕೈ ಚಾಚಿದ್ದು ಇಡೀ ಬಯಲಿನ ಕಡೆ.

ಮಧ್ಯಾಹ್ನ ಚಹಾದಂಗಡಿಯಲ್ಲಿ ಮತ್ತೆ ಅದೇ: "ಮದವ್ಯಾಗ ಮಂದಿ ಫುಲ್ ಲೋಡ್." ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನಿಗೆ ಟೆನ್ಶನ್ನೂ ಫುಲ್ ಲೋಡ್.

ನನಗೆ ಬಗೆಹರಿಯದ್ದು ಇದು. ಫುಲ್ ಲೋಡ್ ಅಂದರೆ ಅಳತೆಯೇ ಅಲ್ಲವೇ? ಲಾರಿ ಹೊರುವಷ್ಟು, ಅದರ ಮೇಲೆ ಒಂದು ಚೀಲವೂ ಹಿಡಿಯದು. ನಮ್ಮ 'ಹೇರು' ಕೂಡ ಎತ್ತಿನ ಬೆನ್ನು ತಾಳುವಷ್ಟೇ. ಅಂಚಿರುವ ಮಾತು ಅಂಚಿಲ್ಲದ್ದಕ್ಕೆ ಹೇಗೆ ಒಗ್ಗಿತು?

ಅಳೆಯಲಾಗದ್ದನ್ನು ನಮ್ಮ ಹಿರಿಯರು ಬೇರೆ ಬೇರೆ ಥರ ಎದುರಿಸಿದ್ದಾರೆ. ಇಲ್ಲೇ ಹತ್ತಿರ, ಐಹೊಳೆಯ ಮೇಗುತಿ ಬಸದಿಯಲ್ಲಿ, ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಕಲ್ಲಿಗೆ ಇಳಿಸುವಾಗ ಮಹಾರಾಷ್ಟ್ರಕವೆಂಬ ಮೂರು ನಾಡುಗಳಲ್ಲಿ 99,000 ಹಳ್ಳಿ ಅಂದ. ಯಾರೂ ಎಣಿಸಿ ಬಂದಿರಲಾರರು. ಆದರೂ ದೊಡ್ಡದಕ್ಕೆ ಸಂಖ್ಯೆಯ ಗೌರವ ಕೊಟ್ಟ. ಅದೇ ಊರಿನ ವ್ಯಾಪಾರಿ ಸಂಘ 'ಅಯ್ಯಾವೊಳೆ ಐನೂರ್ವರು'. ದಕ್ಷಿಣದ ತುಂಬ ಹರಡಿದ ಮೇಲೂ ಹೆಸರಲ್ಲಿ ಐನೂರೇ ಉಳಿಯಿತು.

ಕಣದ ರೀತಿ ಬೇರೆ. ರಾಶಿಗೆ ಪೂಜೆಯಾಗದೆ ಜೋಳ ಅಳೆಯುವ ಹಾಗಿಲ್ಲ. ಅಳೆಯಲು ಕೂತಾಗ ಮೊದಲ ಅಳತೆಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಆಮೇಲೆ ಎರಡು, ಮೂರು. ಎಣಿಕೆ ಶುರುವಾಗುವುದೇ ಹಾರೈಕೆಯಿಂದ. ನನಗೆ ಇದಕ್ಕಿಂತ ಚೆಂದದ ಲೆಕ್ಕ ಗೊತ್ತಿಲ್ಲ.

ಇನ್ನು 'ರಗಡ' ಇದೆಯಲ್ಲ! ರಗಡ ಮಳಿ, ರಗಡ ಮಂದಿ. ಇಷ್ಟು ತುಂಬಿದ ಮಾತು ಬಾಯಲ್ಲಿರುವಾಗ ಲಾರಿಯ ಮಾತೇಕೆ? 'ರಗಡ' ಕಳೆದುಹೋದೀತೆಂಬ ಹೆದರಿಕೆ ನನಗೆ ನಿಜವಾಗಿಯೂ ಇದೆ.

ಮುಂದಿನ ಶನಿವಾರ. ಅದೇ ಹುಡುಗ ಸಿಕ್ಕ. ಕೇಳಿಯೇಬಿಟ್ಟೆ: "ರಗಡ ಬಂದಾವು ಅಂತ ಯಾಕ ಅನ್ನೂದಿಲ್ಲೋ?"

ಹಗ್ಗ ಬಿಗಿಯುತ್ತಿದ್ದವನು ನಿಂತು ಯೋಚಿಸಿದ. "ಉಂಡ ಮ್ಯಾಲ ನಮ್ಮವ್ವ 'ರಗಡ ಆತು' ಅಂತಾಳ ರೀ. ಅಂದ್ರ ಸಾಕು ಅಂದಂಗ. ಸಂತ್ಯಾಗ ನಿಂತು ಸಾಕು ಅಂತ ಹೆಂಗ ಅನ್ನೂದು ಕಾಕಾ? ಇನ್ನೂ ಬರಾಕತ್ತಾವ."

ಹುನಗುಂದದ ಕಡೆಯಿಂದ ಕುರಿ ತುಂಬಿದ ಟಂಟಂ ಒಂದು ಬಯಲಿಗೆ ಇಳಿಯುತ್ತಿತ್ತು.