ಎಲ್ಲರ ಸಹಿ, ನನ್ನ ಲೆಕ್ಕ



2017ರ ಜೂನ್ ತಿಂಗಳ ಒಂದು ಭಾನುವಾರ. ನಮ್ಮ ಕಾಸರಗೋಡು ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಇಗರ್ಜಿಯ ಹೆಂಚಿನ ಮಾಡು ಮೂರು ಕಡೆ ಸೋರುತ್ತಿತ್ತು. ಬಾಲ್ದಿಗಳಿಗೆ ನೀರು ತೊಟ್ಟಿಕ್ಕುವ ಸದ್ದಿನ ನಡುವೆಯೇ ಬಲಿಪೂಜೆ ಮುಗಿಸಿ ಹೊರಗೆ ಬಂದೆ. ಬೀಡಿ ಕಟ್ಟಿ ಜೀವನ ಸಾಗಿಸುವ ಒಬ್ಬ ವೃದ್ಧ ತಾಯಿ ಮೆಟ್ಟಿಲ ಬಳಿ ಕಾದು ನಿಂತಿದ್ದರು.

"ಫಾದರ್, ಮಾಡಿನ ಕೆಲಸಕ್ಕೆ ಅಂತ ನಾನು 500 ರೂಪಾಯಿ ಕೊಟ್ಟು ವರ್ಷ ಆಯಿತು. ಆ ಹಣ ಈಗ ಯಾರ ಹತ್ತಿರ ಇದೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಎದೆ ಧಸಕ್ಕೆಂದಿತು. "ಅದು ಆರ್ಥಿಕ ಸಮಿತಿಯವರ ತೀರ್ಮಾನ ಅಮ್ಮಾ" ಎಂದೆ.

"ಹೌದಾ? ನಾನು ಕೊಟ್ಟದ್ದು ನಿಮ್ಮ ಕೈಗೆ" ಎಂದು ಹೇಳಿ, ಕೊಡೆ ಬಿಡಿಸಿಕೊಂಡು ಅವರು ಹೊರಟುಹೋದರು.

ನಡೆದದ್ದು ಇಷ್ಟು. ಹಿಂದಿನ ವರ್ಷ ಮಾಡಿನ ದುರಸ್ತಿಗೆ 3 ಲಕ್ಷ ರೂಪಾಯಿ ಕೂಡಿತ್ತು. ಇನ್ನೂ 50 ಸಾವಿರ ಬೇಕಿತ್ತು. ಸಮಿತಿಯಲ್ಲಿ ನನ್ನನ್ನು ಬಿಟ್ಟು ಏಳು ಮಂದಿ. ಅವರಲ್ಲೊಬ್ಬರು ವಿಮೆ, ಠೇವಣಿಗಳ ಬಗ್ಗೆ ಜನರಿಗೆ ಸಲಹೆ ಕೊಡುವುದನ್ನೇ ಉದ್ಯೋಗ ಮಾಡಿಕೊಂಡವರು. "ಬ್ಯಾಂಕಿನಲ್ಲಿ ನೂರಕ್ಕೆ ಏಳರ ಆಸುಪಾಸು ಬಡ್ಡಿ. ಪೇಟೆಯ ಈ ಕಂಪನಿ ಹದಿನೆಂಟು ಕೊಡುತ್ತದೆ. ಒಂದು ವರ್ಷ ಇಟ್ಟರೆ ಕೊರತೆ ತಾನಾಗಿಯೇ ತುಂಬುತ್ತದೆ" ಎಂದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಸಹಿ ಹಾಕಿದೆ. ವರ್ಷ ತುಂಬುವ ಮೊದಲೇ ಕಂಪನಿಯ ಬಾಗಿಲಿಗೆ ಬೀಗ ಬಿತ್ತು.

ಆ ಭಾನುವಾರ ರಾತ್ರಿ ಸಮಿತಿಯ ನಡಾವಳಿ ಪುಸ್ತಕ ತೆರೆದು ಓದಿದೆ. "ಪ್ರಸ್ತಾಪವನ್ನು ಪರಿಶೀಲಿಸಲಾಯಿತು. ಸರ್ವಾನುಮತದಿಂದ ಒಪ್ಪಲಾಯಿತು. ಹಣವನ್ನು ಠೇವಣಿ ಇಡಲಾಯಿತು." ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕರ್ಮಣಿ ಪ್ರಯೋಗ ಕಲಿಸುವಾಗ, "ಇಲ್ಲಿ ಕರ್ತೃವನ್ನು ಹೇಳದೆಯೂ ವಾಕ್ಯ ಮುಗಿಸಬಹುದು ನೋಡಿ" ಎನ್ನುತ್ತಿದ್ದುದು ನೆನಪಾಯಿತು. ಪರಿಶೀಲಿಸಿದ್ದು ಯಾರು? ಕಂಪನಿಯ ಕಾಗದಪತ್ರ ಓದಿದ್ದು ಯಾರು? ಪುಸ್ತಕದಲ್ಲಿ ಉತ್ತರವಿರಲಿಲ್ಲ. ಎಂಟು ಸಹಿಗಳಿದ್ದವು, ಕೆಲಸ ಮಾಡಿದ ಒಬ್ಬನ ಹೆಸರೂ ಇರಲಿಲ್ಲ.

ಮಾರನೆಯ ದಿನವೇ ಸಭೆ ಕರೆದೆ. "ನಾನು ಕೊಟ್ಟದ್ದು ಸಲಹೆ, ತೀರ್ಮಾನ ಎಲ್ಲರದು" ಎಂದರು ಸಲಹೆಗಾರರು. "ಅವರು ತಿಳಿದವರು ಅಂತ ನಂಬಿದೆವು" ಎಂದರು ಇಬ್ಬರು. "ಫಾದರ್ ಒಪ್ಪಿದ ಮೇಲೆ ನಮ್ಮದೇನು?" ಎಂದರು ಇನ್ನೊಬ್ಬರು. ಕೇಳುತ್ತಾ ಕುಳಿತಿದ್ದ ನನಗೆ ನಾಚಿಕೆಯಾಯಿತು. ಹಿಂದಿನ ದಿನ ಮೆಟ್ಟಿಲ ಬಳಿ ನಾನು ಆ ತಾಯಿಗೆ ಹೇಳಿದ್ದೂ ಇದೇ ಮಾತಲ್ಲವೇ?

ಸೆಮಿನರಿಯಲ್ಲಿ ಧರ್ಮಸಭೆಯ ಕಾನೂನು ಓದಿ ಒಳ್ಳೆಯ ಅಂಕ ಪಡೆದವನು ನಾನು. 1983ರ ಕಾನೂನು ಸಂಹಿತೆಯ 537ನೇ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು ಎನ್ನುತ್ತದೆ. ಅದೇ ವಿಧಿ 532ನೇ ವಿಧಿಯನ್ನು ನೆನಪಿಸುತ್ತದೆ. ಅದರ ಪ್ರಕಾರ ಧರ್ಮಕೇಂದ್ರದ ಸೊತ್ತಿನ ಆಡಳಿತ ನಿಯಮದಂತೆ ನಡೆಯುವ ಹೊಣೆ ಧರ್ಮಗುರುವಿನದು. ಖರ್ಚು ಕಳೆದು ಉಳಿದ ಹಣವನ್ನು ಹೂಡುವ ಮೊದಲು ಮೇಲಧಿಕಾರಿಗಳ ಒಪ್ಪಿಗೆ ಪಡೆಯಬೇಕು ಎಂಬುದು 1284ನೇ ವಿಧಿಯಲ್ಲಿದೆ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎನ್ನುತ್ತದೆ 1287ನೇ ವಿಧಿ. ಇಷ್ಟೆಲ್ಲ ಬಾಯಿಪಾಠವಿತ್ತು. "ಏಳು ಜನ ಇದ್ದಾರಲ್ಲ" ಎಂಬ ಧೈರ್ಯದಲ್ಲಿ ಎಲ್ಲವನ್ನೂ ಮರೆತಿದ್ದೆ.

"ಇದರಲ್ಲಿ ನನ್ನ ತಪ್ಪು ಎರಡು" ಎಂದು ಆರಂಭಿಸಿದೆ. "ಕಾಗದ ಓದದೆ ಸಹಿ ಹಾಕಿದೆ. ಬಿಷಪರ ಅನುಮತಿ ಕೇಳಲಿಲ್ಲ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಲಹೆಗಾರರು ತಲೆ ತಗ್ಗಿಸಿ, "ಫಾದರ್, ಆ ಠೇವಣಿಗೆ ಕಂಪನಿಯಿಂದ ನನಗೆ 6 ಸಾವಿರ ಕಮಿಷನ್ ಸಿಕ್ಕಿತ್ತು. ಅದನ್ನು ಅಂದೇ ಹೇಳಬೇಕಿತ್ತು" ಎಂದರು. ಕಾರ್ಯದರ್ಶಿ, "ನನಗೆ ಸಂಶಯ ಇತ್ತು, ಹೇಳಲು ಹಿಂಜರಿದೆ" ಎಂದರು. ಒಬ್ಬರನ್ನೊಬ್ಬರು ದೂರುವುದು ಅಲ್ಲಿಗೆ ನಿಂತಿತು. ನಾವು ನಿಜವಾಗಿ ಒಂದು ಸಮಿತಿಯಾದದ್ದು ಆ ರಾತ್ರಿ.

ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಎಲ್ಲವನ್ನೂ ಜನರ ಮುಂದಿಟ್ಟೆ. ಬೈಗುಳ ಬಂತು, ಕೇಳಿಕೊಂಡೆ. ಪೊಲೀಸರಿಗೆ ದೂರು ಕೊಟ್ಟ ಮೇಲೆ ಅರ್ಧದಷ್ಟು ಹಣ ಮರಳಿತು. ಉಳಿದದ್ದನ್ನು ನಾವು ಎಂಟು ಮಂದಿ ಕಂತಿನಲ್ಲಿ ತುಂಬಿದೆವು. ಸಲಹೆಗಾರರು ಕಮಿಷನ್ ಹಣವನ್ನು ಮೊದಲೇ ತಂದಿಟ್ಟಿದ್ದರು. 2019ರ ಮಳೆಗಾಲಕ್ಕೆ ಮುನ್ನ ಮಾಡು ಸರಿಯಾಯಿತು.

ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಅದನ್ನು ಒಬ್ಬರ ಕೈಗೇ ಒಪ್ಪಿಸಲಿಲ್ಲ. ತೀತನ ಜೊತೆ, ಸಭೆಗಳೇ ಆರಿಸಿದ ಸಹೋದರನನ್ನೂ ಕಳುಹಿಸಿದರು. ಇಷ್ಟು ದೊಡ್ಡ ಕಾಣಿಕೆಯ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು ಎಂಬುದೇ ಕಾರಣ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು. ಪೌಲರು ಜೊತೆಗಾರರನ್ನು ಸೇರಿಸಿಕೊಂಡದ್ದು ಹಣಕ್ಕೆ ಕಾವಲಾಗಲಿ ಎಂದು. ನಾನು ಸಮಿತಿಯನ್ನು ಇಟ್ಟುಕೊಂಡದ್ದು ಅದರ ಬೆನ್ನ ಹಿಂದೆ ಅಡಗಲು.

ಇದು ಇಗರ್ಜಿಗೆ ಮಾತ್ರ ಸೇರಿದ ಮಾತಲ್ಲ. ಅಡಿಕೆ ಮಾರಿದ ಹಣ, ಗಲ್ಫಿನಿಂದ ಮಗ ಕಳಿಸಿದ ಹಣ, ಮಗಳ ಮದುವೆಗೆ ಕೂಡಿಟ್ಟ ಹಣ ನಿಮ್ಮ ಮನೆಗಳಲ್ಲೂ ಇದೆ. ಸಲಹೆ ಕೊಡಲು ಬಂದವರು ನಮ್ಮವರೇ ಆದರೂ ಕೇಳಿ: "ಈ ಸಲಹೆಗೆ ನಿಮಗೆ ಹಣ ಕೊಡುವವರು ಯಾರು? ನಾನೋ, ಕಂಪನಿಯೋ?" ಪ್ರಾಮಾಣಿಕರು ಇದಕ್ಕೆ ಬೇಸರಪಡುವುದಿಲ್ಲ. ಹೂಡಿಕೆ ಸಲಹೆಗಾರರು ನೋಂದಾಯಿಸಿಕೊಳ್ಳಬೇಕು, ತಮ್ಮ ಹಿತಾಸಕ್ತಿಯನ್ನು ಗ್ರಾಹಕರಿಗೆ ತಿಳಿಸಬೇಕು ಎಂದು ಸೆಬಿ 2013ರಲ್ಲೇ ನಿಯಮ ಮಾಡಿದೆ. ಅನುಮತಿಯಿಲ್ಲದೆ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ವಿಮಾ ರಕ್ಷಣೆಯಿರುವ ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಭದ್ರತೆ ಇದೆ. 2020ರ ಫೆಬ್ರವರಿಯವರೆಗೆ ಇದು 1 ಲಕ್ಷವಿತ್ತು. ಪೇಟೆಯ ಆ ಕಂಪನಿಯಲ್ಲಿ ಇಂಥ ಯಾವ ರಕ್ಷಣೆಯೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕುಳಿತು ಕಾಗದ ಓದಿ. "ಅವರಿಗೆ ಗೊತ್ತಿರಬಹುದು" ಎಂದು ಇಬ್ಬರೂ ಸುಮ್ಮನಾದರೆ ಯಾರಿಗೂ ಗೊತ್ತಿರುವುದಿಲ್ಲ.

ಈಗ ನಾನು ಬೇರೆ ಧರ್ಮಕೇಂದ್ರದಲ್ಲಿದ್ದೇನೆ. ಇಲ್ಲಿಯ ನಡಾವಳಿ ಪುಸ್ತಕದಲ್ಲಿ "ಲಾಯಿತು" ಎಂದು ಮುಗಿಯುವ ವಾಕ್ಯಕ್ಕೆ ನಾನು ಸಹಿ ಹಾಕುವುದಿಲ್ಲ. ಇವರು ವಿಚಾರಿಸಿದರು, ಇವರು ಓದಿದರು, ಅನುಮತಿಯನ್ನು ನಾನು ಕೇಳಿದೆ ಎಂದು ಹೆಸರು ಹಿಡಿದು ಬರೆಯುತ್ತೇವೆ. ಕೊನೆಯ ದಿನ ದೇವರ ಮುಂದೆ ನಿಂತಾಗ ಸಮಿತಿಯನ್ನು ಕರೆಯಲಾಗುವುದಿಲ್ಲ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಆ 500 ರೂಪಾಯಿ ಯಾರ ಹತ್ತಿರ ಇದೆ ಎಂದು ಮತ್ತೆ ಯಾರಾದರೂ ಕೇಳಿದರೆ, "ನನ್ನ ಹತ್ತಿರ ಇದೆ ಅಮ್ಮಾ, ಬನ್ನಿ, ಲೆಕ್ಕ ತೋರಿಸುತ್ತೇನೆ" ಎನ್ನಲು ದೇವರು ನನಗೆ ಶಕ್ತಿ ಕೊಡಲಿ.